ಆಟದ ಕಾರು ಮಗುವಿನ ಕೈಗೆ ಉತ್ತರ ಕೊಡ್ಬೇಕು

ಪ್ರಶ್ನೆ: ನಾನು ಪ್ರಾಡಕ್ಟ್ ಡಿಸೈನ್ ಓದ್ತಾ ಇದೀನಿ. ಕೊನೇ ವರ್ಷದ ಪ್ರಾಜೆಕ್ಟ್‌ಗೆ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಒಂದು ಇಂಟರಾಕ್ಟಿವ್ ಟಾಯ್ ಕಾರ್ ಮಾಡ್ಬೇಕು ಅಂತಿದೀನಿ. ಸದ್ಯಕ್ಕೆ ಮೊಬೈಲ್ ಆಪ್, ವಾಯ್ಸ್ ಕಮಾಂಡ್, ಬಣ್ಣಬಣ್ಣದ ಎಲ್‌ಇಡಿ, ಹಾಡು, ಮಾತಾಡೋ ಎಐ ಇಷ್ಟು ಲಿಸ್ಟಲ್ಲಿದೆ. ಆದ್ರೆ ಎಲ್ಲಾ ಬರ್ಕೊಂಡ್ಮೇಲೂ ಇದ್ರಲ್ಲಿ ಹೊಸದೇನಿಲ್ಲ ಅನ್ನಿಸ್ತಿದೆ. ಬೇರೆ ಯಾವ ದಿಕ್ಕಲ್ಲಿ ಯೋಚಿಸ್ಬಹುದು?

ಉತ್ತರ: ನಿಮಗೆ ಹಾಗನ್ನಿಸಿದ್ದು ಒಳ್ಳೇದೇ ಆಯ್ತು, ಆ ಅನುಮಾನಾನ ಬಿಡ್ಬೇಡಿ. ನಿಮ್ಮ ಲಿಸ್ಟನ್ನ ಇನ್ನೊಂದ್ಸಲ ನೋಡಿ, ಐದಕ್ಕೆ ಐದ್ರಲ್ಲೂ ಕೆಲಸ ಮಾಡೋದು ಕಾರು, ಮಗು ಬಟನ್ ಒತ್ತಿ ಅಥವಾ ಒಂದು ಮಾತು ಹೇಳಿ ಸುಮ್ನೆ ನೋಡ್ಕೊಂಡು ಕೂತಿರತ್ತೆ. ಇಂಟರಾಕ್ಟಿವ್ ಅನ್ನೋ ಪದಾನ ನಾವು ತುಂಬಾ ಸಲ ಹೀಗೇ ಅರ್ಥ ಮಾಡ್ಕೊಂಡ್ಬಿಡ್ತೀವಿ, ಲೈಟು ಸೌಂಡು ಜಾಸ್ತಿ ಇದ್ದಷ್ಟೂ ಇಂಟರಾಕ್ಟಿವ್ ಅಂತ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾವೂ ಒಂದು ಮಾತಾಡೋ ಕಾರ್ ಮಾಡಿದ್ವಿ, ಬಟನ್ ಒತ್ತಿದ್ರೆ ಹಾಡು, ಬಾಗಿಲು ತೆಗೆದ್ರೆ ಡೈಲಾಗು. ಟೆಸ್ಟ್ ಮಾಡೋಕೆ ನಾಲ್ಕು ವರ್ಷದ ಒಂದು ಹುಡುಗಿ ಕೈಗೆ ಕೊಟ್ವಿ. ಏಳೆಂಟು ಸಲ ಹಾಡಿನ ಬಟನ್ ಒತ್ತಿದ್ಲು, ಆಮೇಲೆ ಕಾರನ್ನ ಬೋರಲು ಹಾಕಿ ಬೆರಳಲ್ಲಿ ಚಕ್ರ ತಿರುಗಿಸ್ತಾ ಬಾಯಲ್ಲೇ ಡುರ್ರ್ ಡುರ್ರ್ ಅಂತ ಸದ್ದು ಮಾಡ್ಕೊಂಡು ಕೂತ್ಲು, ನಿಧಾನ ತಿರುಗಿಸಿದ್ರೆ ಸಣ್ಣ ಡುರ್ರ್, ಜೋರಾಗಿ ತಿರುಗಿಸಿದ್ರೆ ದೊಡ್ಡ ಡುರ್ರ್. ಹಾಗೇ ಅರ್ಧ ಗಂಟೆ. ನಾವು ತಿಂಗಳುಗಟ್ಲೆ ಕೂತು ಮಾಡಿದ ಹಾಡು ಅವಳಿಗೆ ಬೇಕೇ ಆಗಿರ್ಲಿಲ್ಲ, ಕಾರಿಂದ ಬರ್ಬೇಕಾಗಿದ್ದ ಸದ್ದನ್ನ ಅವಳೇ ಬಾಯಲ್ಲಿ ಮಾಡ್ತಿದ್ಲು. ಅವತ್ತಿಂದ ನಾನು ಯಾವ ಆಟಿಕೆ ನೋಡಿದ್ರೂ ಕೇಳೋ ಪ್ರಶ್ನೆ ಒಂದೇ, ಇದು ಮಗು ಮಾಡಿದ್ದಕ್ಕೆ ಉತ್ತರ ಕೊಡ್ತಾ ಇದ್ಯಾ, ಇಲ್ಲಾ ಮಗುವಿನ ಮುಂದೆ ತಾನೇ ಪ್ರೋಗ್ರಾಂ ಕೊಡ್ತಾ ಇದ್ಯಾ?

ಇದು ಬರೀ ನನ್ನ ಅನಿಸಿಕೆ ಅಲ್ಲ. ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಯ ಆನಾ ಸೋಸಾ ಅವರು ಮಾಡಿದ ಒಂದು ಅಧ್ಯಯನ 2016ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೇಲಿ ಬಂತು, 10ರಿಂದ 16 ತಿಂಗಳ 26 ಮಕ್ಕಳು ಅಪ್ಪ ಅಮ್ಮನ ಜೊತೆ ಆಡೋವಾಗ ಆಗೋ ಮಾತುಕತೇನ ರೆಕಾರ್ಡ್ ಮಾಡಿ ನೋಡಿದ್ರು. ಲೈಟು, ಮಾತು, ಹಾಡು ಇರೋ ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ದೊಡ್ಡವರು ಮಾತಾಡೋದೂ ಕಮ್ಮಿ ಆಯ್ತು, ಮಗು ಸದ್ದು ಮಾಡೋದೂ ಕಮ್ಮಿ ಆಯ್ತು, ಪುಸ್ತಕ ಇದ್ದಾಗ ಎರಡೂ ಜಾಸ್ತಿ. ನಿಮ್ಮ ಕಾರಿನ ಮಕ್ಕಳ ವಯಸ್ಸು ಬೇರೆ, ಅಧ್ಯಯನದಲ್ಲಿದ್ದ ಗುಂಪೂ ಚಿಕ್ಕದು, ಹಾಗಾಗಿ ಇದನ್ನ ನೇರವಾಗಿ ನಿಮ್ಮ ಕಾರಿಗೆ ಅಂಟಿಸೋಕಾಗಲ್ಲ, ಆದ್ರೆ ಆಟಿಕೆ ಮಾತಾಡ್ತಿದ್ರೆ ಮನುಷ್ಯರು ಸುಮ್ಮನಾಗ್ತಾರೆ ಅನ್ನೋದು ಯಾವ ಡಿಸೈನರ್‌ಗಾದ್ರೂ ನೆನಪಿರ್ಬೇಕು.

ಈಗ ಐಡಿಯಾಗಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟ ಆಗೋದು, ಮತ್ತೆ ಇನ್ನೂ ಯಾರೂ ಸರಿಯಾಗಿ ಪೂರ್ತಿ ಬಳಸ್ಕೊಂಡಿಲ್ಲ ಅನ್ಸೋದು, ಕೈಯಲ್ಲಿ ತಳ್ಳೋದನ್ನೇ ಕಂಟ್ರೋಲ್ ಮಾಡ್ಕೊಳ್ಳೋದು. ಮಗು ಕಾರನ್ನ ಹೆಂಗಿದ್ರೂ ತಳ್ಳತ್ತೆ, ಯಾರೂ ಹೇಳ್ಕೊಡೋದು ಬೇಡ. ಆ ತಳ್ಳೋ ವೇಗ, ದಿಕ್ಕು, ಗಕ್ಕಂತ ನಿಲ್ಲಿಸೋದು, ಎತ್ತಿ ಹಾರಿಸೋದು ಎಲ್ಲಾನೂ ಕಾರು ಗಮನಿಸಿ ಅದಕ್ಕೆ ತಕ್ಕ ಹಾಗೆ ನಡ್ಕೊಂಡ್ರೆ? ನಿಧಾನ ತಳ್ಳಿದ್ರೆ ಇಂಜಿನ್ ಗುರುಗುಟ್ಟತ್ತೆ, ಜೋರಾಗಿ ತಳ್ಳಿದ್ರೆ ಸದ್ದು ಏರತ್ತೆ, ಹಿಂದಕ್ಕೆ ಎಳೆದ್ರೆ ರಿವರ್ಸ್ ಬೀಪ್, ನೆಲದಿಂದ ಎತ್ತಿದ ಕ್ಷಣ ಚಕ್ರ ಗಾಳೀಲಿ ತಿರುಗೋ ಹಗುರ ಸದ್ದು, ಇಳಿಸಿದ್ರೆ ಧಪ್ ಅಂತ ಒಂದು ಸಣ್ಣ ಸದ್ದು. ಒಂದೂ ಬಟನ್ ಬೇಡ. ಅದೇ ಹುಡುಗಿ ಬಾಯಲ್ಲಿ ಮಾಡ್ತಿದ್ದ ಆಟಾನೇ ಇದು, ಕಾರೂ ಈಗ ಜೊತೆಗೆ ಸೇರ್ಕೊಳ್ತು ಅಷ್ಟೆ.

ಇದನ್ನ ಮಾಡೋಕೆ ದೊಡ್ಡ ವಿದ್ಯೆ ಏನೂ ಬೇಕಿಲ್ಲ. ಚಕ್ರದ ಆಕ್ಸಲ್ ಮೇಲೆ ಒಂದು ಪುಟ್ಟ ಮ್ಯಾಗ್ನೆಟ್, ಪಕ್ಕದಲ್ಲಿ ಮ್ಯಾಗ್ನೆಟ್ ಹತ್ರ ಬಂದಾಗೆಲ್ಲಾ ಒಂದು ಪಲ್ಸ್ ಅಂದ್ರೆ ಸಿಗ್ನಲ್ ಕೊಡೋ ಹಾಲ್ ಸೆನ್ಸರ್ ಅಂತ ಎಲ್ರೂ ಶುರು ಮಾಡ್ತಾರೆ, ಅಲ್ಲೇ ಎಡವ್ತಾರೆ ಕೂಡ. ಲೆಕ್ಕ ಹಾಕಿ ನೋಡಿ, 30 ಮಿ.ಮೀ. ಚಕ್ರಕ್ಕೆ ಸುತ್ತಳತೆ ಸುಮಾರು 94 ಮಿ.ಮೀ., ಅಂದ್ರೆ ಮಗು ಮೆಲ್ಲಗೆ ಸೆಕೆಂಡಿಗೆ 10 ಸೆಂ.ಮೀ. ತಳ್ಳಿದ್ರೆ ಸೆನ್ಸರ್‌ಗೆ ಸೆಕೆಂಡಿಗೆ ಒಂದೇ ಒಂದು ಪಲ್ಸ್ ಸಿಗತ್ತೆ, ಸದ್ದು ಕೈಗಿಂತ ಒಂದು ಸೆಕೆಂಡ್ ಹಿಂದೆ ಬಿದ್ದಿರತ್ತೆ. ಸುತ್ತಿಗೆ ಹನ್ನೆರಡು ಪಲ್ಸ್ ಬರೋ ಹಾಗಿದ್ರೆ ಸುಮಾರು 8 ಮಿ.ಮೀ.ಗೆ ಒಂದು, ಆಗ ಪರವಾಗಿಲ್ಲ. ಕೈ ಅಲುಗಾಡೋದಕ್ಕೂ ಸದ್ದಿಗೂ ನಡುವೆ 100 ಮಿಲಿಸೆಕೆಂಡ್ ದಾಟ್ಬಾರ್ದು, ದಾಟಿದ್ರೆ ಈ ಸದ್ದು ನಾನು ಮಾಡಿದ್ದು ಅನ್ನೋ ಭಾವನೆ ಮಗುಗೆ ಬರಲ್ಲ, ಯಾವ್ದೋ ರೇಡಿಯೋ ಹಾಡ್ತಿದೆ ಅನ್ಸತ್ತೆ. ಹಾಗೇ ರೆಕಾರ್ಡ್ ಮಾಡಿದ ಇಂಜಿನ್ ಸೌಂಡ್ ಹಾಕ್ಬೇಡಿ, ಅದು ವೇಗದ ಜೊತೆ ಬಗ್ಗಲ್ಲ, ವೇಗಕ್ಕೆ ತಕ್ಕಂತೆ ಟಕ್ ಟಕ್ ಟಕ್ ಅಂತ ಹತ್ತಿರ ಹತ್ತಿರ ಆಗೋ ಪಲ್ಸ್ ಹುಟ್ಟಿಸಿದ್ರೇ ಸಾಕು, ಕಿವಿಗೆ ಅದೇ ಇಂಜಿನ್ ಥರ ಕೇಳತ್ತೆ. ಎತ್ತಿದ್ದು ಬೋರಲು ಹಾಕಿದ್ದು ತಿಳಿಯೋಕೆ ಒಂದು ಅಕ್ಸೆಲರೋಮೀಟರ್. ಮೊದಲ ಮಾಡೆಲ್‌ಗೆ ಮೈಕ್ರೋಬಿಟ್ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಸಾಕಾಗತ್ತೆ, ಅದ್ರಲ್ಲಿ ಅಕ್ಸೆಲರೋಮೀಟರೂ ಇದೆ, 25 ಎಲ್‌ಇಡಿಯ ಪುಟ್ಟ ಡಿಸ್‌ಪ್ಲೇನೂ ಇದೆ.

ಇದಕ್ಕಿಂತ ಚೆಂದದ ದಾರಿ ಇನ್ನೊಂದಿದೆ. ಸಾಮಾನ್ಯ ಡಿಸಿ ಮೋಟಾರ್ ತಿರುಗಿಸಿದ್ರೆ ಅದೇ ಡೈನಮೋ ಆಗತ್ತೆ, ವೇಗ ಜಾಸ್ತಿ ಆದಷ್ಟೂ ವೋಲ್ಟೇಜ್ ಜಾಸ್ತಿ, ದಿಕ್ಕು ಬದಲಾದ್ರೆ ಪ್ಲಸ್ ಮೈನಸ್ ಅದಲು ಬದಲು. ಅಂದ್ರೆ ಒಂದೇ ಮೋಟಾರ್ ಸೆನ್ಸರೂ ಆಗತ್ತೆ, ಕರೆಂಟ್ ಮಾಡೋ ಯಂತ್ರಾನೂ ಆಗತ್ತೆ. ಅದನ್ನ ನೇರವಾಗಿ, ಕರೆಂಟನ್ನ ಬೇಗ ತುಂಬ್ಕೊಂಡು ಬೇಗ ಬಿಡೋ ಒಂದು ಸೂಪರ್ ಕೆಪಾಸಿಟರ್‌ಗೆ ಕೊಟ್ಟು ನೋಡಿ, ಮಗು ನಾಲ್ಕು ಸಲ ಮುಂದಕ್ಕೆ ತಳ್ಳತ್ತೆ, ಕೈ ಬಿಡತ್ತೆ, ಕಾರು ತಾನಾಗೇ ಅದೇ ದಿಕ್ಕಿಗೆ ಓಡತ್ತೆ, ಯಾವ ಪ್ರೋಗ್ರಾಮೂ ಇಲ್ಲ ಬ್ಯಾಟರೀನೂ ಇಲ್ಲ. 1 ಫ್ಯಾರಡ್ ಕೆಪಾಸಿಟರ್ 2.5 ವೋಲ್ಟ್‌ವರೆಗೂ ತುಂಬಿದ್ರೆ ಅದ್ರಲ್ಲಿ ಸುಮಾರು 3 ಜೌಲ್ ಶಕ್ತಿ ಇರತ್ತೆ, ಸಣ್ಣ ಮೋಟಾರ್ 0.2 ವಾಟ್ ತಿಂದ್ರೆ ಲೆಕ್ಕಕ್ಕೆ ಹದಿನೈದು ಸೆಕೆಂಡ್, ಪೂರ್ತಿ ಬಳಸೋಕಾಗಲ್ಲ ಅಂತ ಬಿಟ್ರೂ ಹತ್ತು ಹನ್ನೆರಡು ಸೆಕೆಂಡ್ ಓಟ. ಕೇಳೋಕೆ ಕಮ್ಮಿ ಅನ್ಸತ್ತೆ, ಆದ್ರೆ ಹತ್ತು ಸೆಕೆಂಡ್ ಕಾರಿನ ಹಿಂದೆ ಓಡಿ ಹಿಡ್ದು ಮತ್ತೆ ತಳ್ಳೋದೇ ಪೂರ್ತಿ ಆಟ ಆಗ್ಬಿಡತ್ತೆ. ಹಳೇ ಫ್ರಿಕ್ಷನ್ ಕಾರುಗಳ ಒಳಗೆ ಭಾರದ ಚಕ್ರ ಒಂದು ತಿರುಗ್ತಾ ಇರತ್ತಲ್ಲ, ಪುಲ್ ಬ್ಯಾಕ್ ಕಾರಲ್ಲಿ ಸುರುಳಿ ಸ್ಪ್ರಿಂಗ್, ಇದು ಅದೇ ವಂಶದ್ದು. ಒಂದು ವ್ಯತ್ಯಾಸ ಇದೆ, ಇಲ್ಲಿ ತುಂಬಿದ ಶಕ್ತಿ ಕಣ್ಣಿಗೆ ಕಾಣೋ ಹಾಗೆ ಮಾಡ್ಬಹುದು, ಬಾನೆಟ್ ಮೇಲೆ ಒಂದೊಂದೇ ದೀಪ ಹತ್ತೋ ಹಾಗೆ. ಮಗು ನಾನು ಎಷ್ಟು ತುಂಬಿಸ್ದೆ ಅಂತ ನೋಡ್ಕೊಂಡು ಬಿಡತ್ತೆ.

ಮೂರು ಎಚ್ಚರಿಕೆ ಇದಕ್ಕೆ. ನಾಣ್ಯದ ಆಕಾರದ 5.5 ವೋಲ್ಟ್ ಸೂಪರ್ ಕೆಪಾಸಿಟರ್‌ಗಳಲ್ಲಿ ತುಂಬಾ ಮಾದರಿ ಮೆಮೊರಿ ಬ್ಯಾಕಪ್‌ಗೆ ಅಂತ ಮಾಡಿದ್ದು, ಒಳಗಿನ ರೆಸಿಸ್ಟೆನ್ಸ್ ಹತ್ತಾರು ಓಮ್ ಇರತ್ತೆ, ಮೋಟಾರ್ ಓಡಿಸಲ್ಲ, ನಾನು ಎರಡು ದಿನ ವೈರಿಂಗ್ ತಪ್ಪಾಯ್ತೇನೋ ಅಂತ ಹುಡುಕಿದೀನಿ. ಸಿಲಿಂಡರ್ ಥರದ 2.7 ವೋಲ್ಟಿಂದು ತಗೊಳ್ಳಿ. ಎರಡ್ನೇದು, ಮಗು ಹಿಂದಕ್ಕೆ ಎಳೆದ್ರೆ ಉಲ್ಟಾ ಚಾರ್ಜ್ ಆಗತ್ತೆ, ಕೆಪಾಸಿಟರ್‌ಗೆ ಅಡ್ಡಲಾಗಿ, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಒಂದು ಶಾಟ್ಕಿ ಡಯೋಡ್ ಹಾಕಿ. ಮೂರ್ನೇದು, ಹವ್ಯಾಸದ ರೋಬೋಗಳಿಗೆ ಹಾಕೋ 1:48 ಹಳದಿ ಗೇರ್ ಮೋಟಾರ್ ತಳ್ಳೋ ಆಟಕ್ಕೆ ಆಗಲ್ಲ, ಚಕ್ರದ ಕಡೆಯಿಂದ ತಿರುಗಿಸೋಕೆ ಬಿಗಿ, ಮಗು ಜೋರಾಗಿ ತಳ್ಳಿದ್ರೆ ಪ್ಲಾಸ್ಟಿಕ್ ಹಲ್ಲು ಮುರಿಯತ್ತೆ. ಸ್ಕ್ರೂ ಆಕಾರದ ವರ್ಮ್ ಗೇರಂತೂ ಚಕ್ರದ ಕಡೆಯಿಂದ ತಿರುಗೋದೇ ಇಲ್ಲ ಅನ್ನಬಹುದು. ಕಮ್ಮಿ ಗೇರ್ ಅನುಪಾತದ್ದು, ಕೈಯಲ್ಲಿ ಸಲೀಸಾಗಿ ತಿರುಗೋದು ನೋಡಿ ಆರಿಸಿ.

ಎರಡನೇ ಐಡಿಯಾ ರಿಮೋಟ್‌ಗೆ ಬದಲಿ. ರಿಮೋಟ್ ಕಾರು ಕೊಟ್ಟಾಗ ಚಿಕ್ಕ ಮಕ್ಕಳು ಸ್ವಲ್ಪ ಹೊತ್ತಲ್ಲೇ ಗೋಡೆಗೆ ಗುದ್ದಿಸಿ ಬೇಜಾರ್ ಮಾಡ್ಕೊಳ್ಳೋದು ನೋಡಿರ್ತೀರಿ. ಕಾರಣ ಸಿಂಪಲ್, ಕಾರು ದೂರ ಹೋಗೋವಾಗ ಎಡ ಎಡಾನೇ ಆಗಿರತ್ತೆ, ತಿರುಗಿ ಮಗುವಿನ ಕಡೆ ಬರೋವಾಗ ಎಡ ಬಲ ಆಗ್ಬಿಡತ್ತೆ, ತಲೇಲಿ ಅದನ್ನ ತಿರುಗಿಸಿ ನೋಡೋದು ಆ ವಯಸ್ಸಿಗೆ ನಿಜಕ್ಕೂ ಕಷ್ಟ. ಅದ್ರ ಬದಲು ಟಾರ್ಚ್ ಕೊಡಿ, ಬೆಳಕು ಎಲ್ಲಿ ಬೀಳತ್ತೋ ಕಾರು ಅಲ್ಲಿಗೆ ಬರತ್ತೆ. ಎಡ ಬಲದ ಪ್ರಶ್ನೇನೇ ಇಲ್ಲ, ಇಲ್ಲಿ ಬಾ ಅಂತ ಬೆರಳು ತೋರ್ಸಿದ ಹಾಗೆ. ಇದು ಹಳೇ ವಿಷಯ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅನ್ನೋ ನರವಿಜ್ಞಾನಿ 1948-49ರಲ್ಲೇ ಎಲ್ಮರ್, ಎಲ್ಸಿ ಅಂತ ಎರಡು ಆಮೆ ಆಕಾರದ ಪುಟ್ಟ ಯಂತ್ರ ಮಾಡಿ ಬೆಳಕಿನ ಕಡೆ ನಡೆಸಿದ್ರು, ಟ್ರಾನ್ಸಿಸ್ಟರ್ ಕೂಡ ಇಲ್ಲದೆ ಹಳೇ ರೇಡಿಯೋಗಳಲ್ಲಿರೋ ಥರ ಗಾಜಿನ ವಾಲ್ವ್ ಹಾಕಿ. ಆಮೇಲೆ 1984ರಲ್ಲಿ ವ್ಯಾಲೆಂಟಿನೋ ಬ್ರೈಟೆನ್‌ಬರ್ಗ್ ಅನ್ನೋ ಮೆದುಳಿನ ವಿಜ್ಞಾನಿ ಬರೆದದ್ದು ಇನ್ನೂ ಸರಳ, ಎರಡು ಬೆಳಕಿನ ಸೆನ್ಸರ್, ಎರಡು ಮೋಟಾರ್. ಎಡಗಣ್ಣಿನ ವೈರ್ ಬಲ ಮೋಟಾರ್‌ಗೆ, ಬಲಗಣ್ಣಿಂದು ಎಡಕ್ಕೆ ಹಾಕಿದ್ರೆ ಕಾರು ಬೆಳಕಿನ ಕಡೆ ನುಗ್ಗತ್ತೆ, ಅದೇ ಪಕ್ಕದ ಮೋಟಾರ್‌ಗೆ ಹಾಕಿದ್ರೆ ಬೆಳಕಿಂದ ತಪ್ಪಿಸ್ಕೊಂಡು ಓಡತ್ತೆ. ಆ ಎರಡು ವೈರನ್ನ ಮಗುವೇ ಅದಲು ಬದಲು ಮಾಡೋ ಹಾಗೆ ಹೊರಗಡೆ ಒಂದು ದೊಡ್ಡ ಪ್ಲಗ್ ಇಟ್ರೆ? ಒಂದು ಕಡೆ ತಿರುಗಿಸಿ ಚುಚ್ಚಿದ್ರೆ ತುಂಟ ಕಾರು, ಇನ್ನೊಂದು ಕಡೆ ಚುಚ್ಚಿದ್ರೆ ನಾಚಿಕೆ ಕಾರು. ಎಂಟು ವರ್ಷದ ಮಗು ಅದ್ರ ಕಾರಣ ಹುಡುಕೋಕೆ ಹೋಗತ್ತೆ, ನಾಲ್ಕು ವರ್ಷದ್ದು ಕಾರಿಗೆ ಹೆಸರಿಡತ್ತೆ. ನನ್ನ ಪ್ರಕಾರ ಎರಡೂ ಕಲಿಕೇನೇ.

ಇಲ್ಲೊಂದು ತಾಂತ್ರಿಕ ಮಾತು. ಬೆಳಕಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗೋ ಎಲ್‌ಡಿಆರ್ ಅನ್ನೋ ಸೆನ್ಸರ್ ಪ್ರೋಟೋಟೈಪ್‌ಗೆ ಸರಿ, ಆದ್ರೆ ಅದು ಸಾಮಾನ್ಯವಾಗಿ ವಿಷಕಾರಿ ಕ್ಯಾಡ್ಮಿಯಂ ಸಲ್ಫೈಡಿಂದ ಮಾಡಿದ್ದು, ಮಾರೋ ಆಟಿಕೆಗೆ ಹಾಕೋ ಹಾಗಿಲ್ಲ ಅಂತಲೇ ಇಟ್ಕೊಳ್ಳಿ, ಅದ್ರ ಬದಲು ಬೆಳಕು ಗುರುತಿಸೋ ಫೋಟೋಟ್ರಾನ್ಸಿಸ್ಟರ್ ಹಾಕಿ. ರೂಮಲ್ಲಿ ಹೇಗಿದ್ರೂ ಬೆಳಕಿರತ್ತೆ, ಅದಕ್ಕೆ ಎಷ್ಟು ಬೆಳಕು ಅಂತ ಅಳೀಬೇಡಿ, ಎರಡು ಸೆನ್ಸರ್ ನಡುವೆ ವ್ಯತ್ಯಾಸ ಎಷ್ಟು ಅಂತ ಅಳೀರಿ.

ಮೂರನೇದು ರಸ್ತೆ ಬರೆಯೋ ಆಟ, ಕಾಗದದ ಮೇಲೆ ಮಗು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದ ಕಡೆ ಕಾರು ಹೋಗೋದು. ಓಜೋಬಾಟ್ ಅನ್ನೋ ಪುಟ್ಟ ರೋಬೋ ಬಣ್ಣದ ಚುಕ್ಕಿ ಓದಿ ವೇಗ ಬದಲಾಯಿಸೋದನ್ನ ಆಗ್ಲೇ ಮಾಡಿದೆ, ಹಾಗಾಗಿ ಪೂರ್ತಿ ಹೊಸದು ಅಂತ ಹೇಳಲ್ಲ. ಆದ್ರೆ ಗೆರೆಗೆ ಇನ್ನೊಂದಿಷ್ಟು ಜೀವ ಕೊಡ್ಬಹುದು, ದಪ್ಪ ಗೆರೆ ಹೈವೇ, ತುಂಡು ತುಂಡು ಗೆರೆ ಗುಂಡಿ ರಸ್ತೆ, ಕಾರು ಅಲ್ಲಿ ಕುಲುಕಾಡ್ಕೊಂಡು ಹೋಗ್ಬೇಕು. ಒಂದು ವಿಷಯ ನೆನಪಿಡಿ, ಗೆರೆ ಓದೋ ಸೆನ್ಸರ್‌ಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸ್ತವೆ, ನಮ್ಮ ಕಣ್ಣಿಗೆ ಕಪ್ಪಾಗಿ ಕಾಣೋ ತುಂಬಾ ಸ್ಕೆಚ್ ಪೆನ್‌ಗಳ ಇಂಕು ಇನ್‌ಫ್ರಾರೆಡ್ ಬೆಳಕಿಗೆ ಕಪ್ಪೇ ಅಲ್ಲ, ಸೆನ್ಸರ್‌ಗೆ ಬರೀ ಬಿಳಿ ಕಾಗದ ಕಾಣತ್ತೆ. ಕಾರ್ಬನ್ ಇರೋ ಇಂಕು ಆದ್ರೆ ಕಾಣತ್ತೆ. ಮಗು ಕೈಗೆ ಸಿಕ್ಕ ಪೆನ್ನಲ್ಲಿ ಬರೆಯತ್ತೆ, ಅದಕ್ಕೆ ಕಣ್ಣಿಗೆ ಕಾಣೋ ಬೆಳಕಲ್ಲೇ ಕೆಲಸ ಮಾಡೋ ಸೆನ್ಸರ್ ಹಾಕಿ.

ಕಮಾಂಡ್ ಒತ್ತಿ ಕಾರಿಗೆ ದಾರಿ ಹೇಳ್ಕೊಡೋ ಆಟಾನೂ ಇದೆ, 1979ರಲ್ಲೇ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯ ಬಿಗ್ ಟ್ರ್ಯಾಕ್ ಅನ್ನೋ ಆಟದ ವಾಹನ ಬೆನ್ನ ಮೇಲಿನ ಕೀಪ್ಯಾಡಲ್ಲಿ 16 ಕಮಾಂಡ್ ತಗೋತಿತ್ತು. ದೊಡ್ಡ ಮಕ್ಕಳಿಗೆ ಚೆನ್ನಾಗಿರತ್ತೆ, ಅದ್ರಲ್ಲಿ ಹೊಸದಾಗಿ ಹೇಳೋದು ನನ್ನ ಹತ್ರ ಜಾಸ್ತಿ ಇಲ್ಲ.

ಬ್ಯಾಟರಿ ಇಲ್ಲದ ಇಂಟರಾಕ್ಷನ್ ಕೂಡ ಇರತ್ತೆ ಅನ್ನೋದನ್ನ ಮರೀಬೇಡಿ. ಬಿಸಿ ತಾಗಿದ್ರೆ ಬಣ್ಣ ಬದಲಾಗೋ ಪೇಂಟ್ ಹಾಕಿದ ಕಾರುಗಳನ್ನ ಹಾಟ್ ವೀಲ್ಸ್‌ನವರು ಕಲರ್ ಶಿಫ್ಟರ್ಸ್ ಅಂತ ಬಹಳ ಹಿಂದೆಯೇ ತಂದ್ರು, ತಣ್ಣೀರಲ್ಲಿ ಒಂದು ಬಣ್ಣ, ಬೆಚ್ಚಗಿನ ನೀರಲ್ಲಿ ಇನ್ನೊಂದು. ಸುಮಾರು 31 ಡಿಗ್ರಿಗೆ ಬದಲಾಗೋ ಪಿಗ್ಮೆಂಟ್ ಸುಲಭವಾಗಿ ಸಿಗತ್ತೆ, ಅದು ಅಂಗೈ ಬಿಸಿಗೇ ಸಾಕು. ಹಾಗಾದ್ರೆ ಕೊಳೆಯಾದ ಕಾರು ಅಂತ ಮಾಡಿ, ಮೇಲಿನ ಕಂದು ಬಣ್ಣದ ಪದರ ಮಗು ಕೈಯಿಂದ ಉಜ್ಜಿದ ಕಡೆಯೆಲ್ಲಾ ಮಾಯ ಆಗಿ ಕೆಳಗಿನ ಕೆಂಪು ಕಾಣತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕೊಳೆ ಬರತ್ತೆ. ತೊಳೆಯೋ ಆಟ ಮುಗಿಯೋದೇ ಇಲ್ಲ. ರೂಮೇ ಅಷ್ಟು ಬಿಸಿ ಇದ್ರೆ ಕೊಳೆ ಕಾಣ್ಸಲ್ಲ, ಪಿಗ್ಮೆಂಟ್ ಆರಿಸೋವಾಗ ಅದನ್ನ ನೋಡ್ಕೊಳ್ಳಿ. ಹಾಗೇ ರಿಪೇರಿ ಆಟ, ಗುದ್ದಿದ್ರೆ ಬಾಗಿಲು ಬಾನೆಟ್ ಕಳಚಿ ಬೀಳೋದು, ದೊಡ್ಡ ಪ್ಲಾಸ್ಟಿಕ್ ಸ್ಕ್ರೂ ತಿರುಗಿಸಿ ಮತ್ತೆ ಕೂರ್ಸೋದು. ಮಕ್ಕಳಿಗೆ ಒಡೆಯೋದ್ರಷ್ಟೇ ಖುಷಿ ಸರಿ ಮಾಡೋದ್ರಲ್ಲೂ ಇದೆ, ಒಡೆದಾಗ ಬೈಸ್ಕೊಳ್ಳೋ ಭಯ ಇರ್ಬಾರ್ದು ಅಷ್ಟೆ.

ಇನ್ನು ನಿಮ್ಮ ಲಿಸ್ಟಿನ ಆಪ್ ಮತ್ತೆ ವಾಯ್ಸ್ ಬಗ್ಗೆ ನೇರವಾಗಿ ಹೇಳ್ತೀನಿ, ತೆಗೆದ್ಬಿಡಿ. ಫೋನ್ ಕೈಗೆ ಬಂದ ಕೂಡಲೆ ಮಗುವಿನ ಕಣ್ಣು ಕಾರಿಂದ ಪರದೆಗೆ ಹೋಗತ್ತೆ, ನೀವು ಕಷ್ಟಪಟ್ಟು ಮಾಡಿದ ಕಾರು ನೆಲದ ಮೇಲಿನ ಕರ್ಸರ್ ಆಗ್ಬಿಡತ್ತೆ. ಆಯಸ್ಸಿನ ಪ್ರಶ್ನೆ ಬೇರೆ ಇದೆ, 2013ರಲ್ಲಿ ಬಂದ ಆಂಕಿ ಡ್ರೈವ್ ಕಾರುಗಳು ಟ್ರ್ಯಾಕ್ ಮೇಲಿನ ಕೋಡನ್ನ ಇನ್‌ಫ್ರಾರೆಡಲ್ಲಿ ಓದ್ಕೊಂಡು ಓಡೋ ಅದ್ಭುತ ಇಂಜಿನಿಯರಿಂಗ್, ಆದ್ರೆ ಆಟಕ್ಕೆ ಫೋನ್ ಬೇಕೇ ಬೇಕಿತ್ತು, 2019ರಲ್ಲಿ ಕಂಪನಿನೇ ಮುಚ್ಚಿತು. ತಗಡಿನ ಕಾರು ಮೊಮ್ಮಕ್ಕಳ ಕಾಲಕ್ಕೂ ಓಡತ್ತೆ, ಆಪ್ ಮೇಲೆ ನಿಂತ ಕಾರು ಮುಂದಿನ ಅಪ್‌ಡೇಟ್‌ವರೆಗೆ. ವಾಯ್ಸ್ ವಿಷಯ, ಮೂರು ವರ್ಷದ ಮಗುವಿನ ತೊದಲು ಮಾತು ಮಷೀನ್‌ಗೆ ಸರಿಯಾಗಿ ಅರ್ಥ ಆಗಲ್ಲ, ಮಗು ತನ್ನದೇ ತಪ್ಪು ಅನ್ಕೊಂಡು ಮತ್ತೆ ಮತ್ತೆ ಕಿರುಚತ್ತೆ, ಅದು ನೋಡೋಕೆ ಸಂಕಟ ಆಗತ್ತೆ. ಮೈಕ್ ಇಂಟರ್ನೆಟ್‌ಗೆ ಕನೆಕ್ಟ್ ಆಯ್ತು ಅಂದ್ರೆ ಮನೆಯವರ ಮಾತೆಲ್ಲಾ ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ನೀವು ಜವಾಬ್ದಾರಿ. ಕೈಲಾ ಅನ್ನೋ ಮಾತಾಡೋ ಗೊಂಬೇನ ಜರ್ಮನಿ 2017ರಲ್ಲಿ ಇದೇ ಕಾರಣಕ್ಕೆ ನಿಷೇಧ ಮಾಡ್ತು. ಬರೀ ಚಪ್ಪಾಳೆಗೆ, ಊದೋದಕ್ಕೆ ಸ್ಪಂದಿಸೋ ಮೈಕ್ ಆದ್ರೆ ಆಗ್ಬಹುದು, ಅದ್ರಲ್ಲಿ ರೆಕಾರ್ಡಿಂಗೇ ಇರಲ್ಲ.

ಒಂದು ಮಾತು ನೀವು ಕೇಳಿಲ್ಲ ಆದ್ರೂ ಹೇಳ್ಲೇಬೇಕು. ಬೆರಳು ಸರಿಯಾಗಿ ಆಡದ, ಹಿಡಿಯೋಕೆ ಆಗದ ಮಕ್ಕಳೂ ಇದಾರೆ, ಅವರಿಗೆ ಸಣ್ಣ ಬಟನ್ ಇರೋ ಕಾರು ಅಂದ್ರೆ ಬೇರೆಯವರು ಆಡೋದನ್ನ ನೋಡೋ ಆಟಿಕೆ. ಕಾರಲ್ಲಿ ಒಂದು 3.5 ಮಿ.ಮೀ. ಮೋನೋ ಜ್ಯಾಕ್ ಇಟ್ಬಿಡಿ, ವಿಶೇಷ ಮಕ್ಕಳಿಗೆ ಅಂತ ಬರೋ ದೊಡ್ಡ ತಟ್ಟೆಯಂಥ ಸ್ವಿಚ್‌ಗಳಲ್ಲಿ ಬಹುತೇಕ ಎಲ್ಲವೂ ಅದಕ್ಕೇ ಕೂರತ್ತೆ, ಅಂಗೈ, ಮೊಣಕೈ, ತಲೆ ಯಾವುದ್ರಿಂದ ಒತ್ತಿದ್ರೂ ಆಗತ್ತೆ. ಡೆಲವೇರ್ ಯೂನಿವರ್ಸಿಟೀಲಿ ಕೋಲ್ ಗ್ಯಾಲೋವೇ ಶುರು ಮಾಡಿದ ಗೋ ಬೇಬಿ ಗೋ ಅನ್ನೋ ಕಾರ್ಯಕ್ರಮ ಇದನ್ನೇ ಕೂತು ಓಡಿಸೋ ಬ್ಯಾಟರಿ ಕಾರುಗಳಿಗೆ ಮಾಡ್ತು, ಪೆಡಲ್ ತೆಗೆದು ದೊಡ್ಡ ಬಟನ್, ಪೈಪಿಂದ ಆಸರೆ, ನಡೆಯೋಕಾಗದ ಪುಟ್ಟ ಮಕ್ಕಳು ತಾವೇ ಹೋಗ್ಬೇಕಾದ ಕಡೆ ಹೋದ್ರು. ಒಂದು ಜ್ಯಾಕ್‌ಗೆ ನಿಮಗೆ ಹಿಡಿಯೋ ಜಾಗ ಬೆರಳ ತುದಿಯಷ್ಟು.

ಸೇಫ್ಟೀನ ಕೊನೇಗೆ ನೋಡೋಣ ಅಂತ ಬಿಡ್ಬೇಡಿ, ಸ್ಕೆಚ್ ಹಾಕೋವಾಗ್ಲೇ ಬೇಕು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗೋ ಯಾವ ಬಿಡಿ ಭಾಗವೂ 31.7 ಮಿ.ಮೀ. ವ್ಯಾಸದ ಟೆಸ್ಟ್ ಸಿಲಿಂಡರ್ ಒಳಗೆ ಪೂರ್ತಿ ಕೂರ್ಬಾರ್ದು, ಎಳೆದಾಗ ಕಿತ್ತು ಬರೋ ಚಕ್ರ ಟೈರೂ ಸೇರಿ. ನಿಮ್ಮ ಕಾರು ಮೂರು ಮೇಲ್ಪಟ್ಟವರಿಗೆ ಅಂತ ಡಬ್ಬಿ ಮೇಲೆ ಬರೆದ್ರೂ ಮನೇಲಿ ತಮ್ಮ ತಂಗಿ ಇರ್ತಾರೆ. ಬಟನ್ ಸೆಲ್ ಹಾಕ್ಲೇಬೇಡಿ ಅಂತೀನಿ ನಾನು, 20 ಮಿ.ಮೀ. ಲಿಥಿಯಂ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೇಲಿ ಸುಟ್ಟಗಾಯ ಮಾಡತ್ತೆ. ಎಎ ಸೆಲ್ ಹಾಕಿ, ಮುಚ್ಚಳಕ್ಕೆ ಸ್ಕ್ರೂ ಇರ್ಲಿ. ಮ್ಯಾಗ್ನೆಟ್ ಬಳಸಿದ್ರೆ ಪ್ಲಾಸ್ಟಿಕ್ ಒಳಗೆ ಪೂರ್ತಿ ಮುಚ್ಚಿ, ಬರೀ ಗಮ್ ಹಾಕಿ ಅಂಟಿಸೋದು ಬೇಡ, ಎರಡು ಮ್ಯಾಗ್ನೆಟ್ ನುಂಗಿದ್ರೆ ಕರುಳನ್ನ ನಡುವೆ ಹಿಡ್ಕೊಂಡ್ಬಿಡತ್ತೆ. ಸೌಂಡ್ ಎಷ್ಟಿರ್ಬೇಕು ಅಂತ ನೋಡೋವಾಗ ಮಗು ಕಾರನ್ನ ಕಿವಿಗೆ ಹಿಡ್ಕೊಳ್ಳತ್ತೆ ಅನ್ಕೊಂಡೇ ನೋಡಿ, ಯಾಕಂದ್ರೆ ಹಿಡ್ಕೊಳ್ಳತ್ತೆ.

ನಿಮ್ಮ ಪ್ರಾಜೆಕ್ಟ್‌ಗೆ ನಾನು ಹೇಳೋದಾದ್ರೆ ವಯಸ್ಸನ್ನ ಮೊದ್ಲು ಕಮ್ಮಿ ಮಾಡಿ, ಮೂರರಿಂದ ಎಂಟು ತುಂಬಾ ಅಗಲ, ಮೂರರ ಮಗುಗೆ ತಳ್ಳೋದು ಬೇಕು, ಎಂಟರ ಮಗುಗೆ ರೂಲ್ಸ್ ಮತ್ತೆ ಗೆಲ್ಲೋದು ಬೇಕು. ಮೂರರಿಂದ ಐದು ಅಂತ ಇಟ್ಕೊಂಡು ತಳ್ಳಿದ್ರೆ ಉತ್ತರ ಕೊಡೋ ಕಾರು ಒಂದನ್ನೇ ಚೆನ್ನಾಗಿ ಮಾಡಿ. ಮೊದಲ ವಾರ ಎಲೆಕ್ಟ್ರಾನಿಕ್ಸ್ ಮುಟ್ಟಲೇಬೇಡಿ. ರಟ್ಟಿನ ಕಾರು ಮಾಡಿ, ಒಳಗೆ ಪುಟ್ಟ ಬ್ಲೂಟೂತ್ ಸ್ಪೀಕರ್ ಇಡಿ, ನೀವು ಪಕ್ಕದಲ್ಲಿ ಕೂತು ಮಗು ಕೈ ನೋಡ್ಕೊಂಡು ಫೋನಿಂದ ಸದ್ದು ಹಾಕಿ. ಬ್ಲೂಟೂತಲ್ಲಿ ಸ್ವಲ್ಪ ತಡ ಆಗತ್ತೆ, ಮಗು ಆ ತಡಾನ ಗಮನಿಸತ್ತಾ ಅಂತ ನೋಡೋದೇ ನಿಮಗೊಂದು ಪಾಠ. ಐದಾರು ಮಕ್ಕಳಿಗೆ ಕೊಡಿ, ಹೇಗೆ ಆಡ್ಬೇಕು ಅಂತ ಹೇಳ್ಬೇಡಿ, ಮೊದಲ ಐದು ನಿಮಿಷದ ಉತ್ಸಾಹಾನ ನಂಬ್ಬೇಡಿ, ಹೊಸ ವಸ್ತು ಯಾವುದಾದ್ರೂ ಅಷ್ಟು ಹೊತ್ತು ಹಿಡಿಸತ್ತೆ. ಹದಿನೈದನೇ ನಿಮಿಷಕ್ಕೆ ಕಾರು ಎಲ್ಲಿದೆ, ಮಗುವಿನ ಬಾಯಿಂದ ಯಾವ ಮಾತು ಬರ್ತಿದೆ ಅಂತ ಬರ್ಕೊಳ್ಳಿ.

ಆಮೇಲೆ ಎಲೆಕ್ಟ್ರಾನಿಕ್ಸ್‌ಗೆ ಬಂದಾಗ, ಮೋಟಾರ್ ಶುರು ಆದ ಕೂಡಲೆ ಬೋರ್ಡ್ ರೀಸೆಟ್ ಆಗ್ತಿದ್ರೆ ಪ್ರೋಗ್ರಾಮಲ್ಲಿ ತಪ್ಪು ಹುಡುಕ್ಬೇಡಿ, ಮೋಟಾರಿನ ಎರಡು ಕಾಲಿಗೆ ಅಡ್ಡಲಾಗಿ 104 ಅಂತ ಬರೆದಿರೋ ಸೆರಾಮಿಕ್ ಕೆಪಾಸಿಟರ್ ಒಂದು ಬೆಸುಗೆ ಹಾಕಿ, ಮೋಟಾರಿಂದ ಬರೋ ಎಲೆಕ್ಟ್ರಿಕಲ್ ನಾಯ್ಸ್ ಕಾರಣ ಆಗಿದ್ರೆ ಅಲ್ಲಿಗೇ ಸರಿ ಹೋಗತ್ತೆ. ರಟ್ಟಿನ ಕಾರಿನ ಟೆಸ್ಟ್ ಮುಗಿದ್ಮೇಲೆ ಮಕ್ಕಳು ಏನ್ಮಾಡಿದ್ರು ಅಂತ ಬರೆದು ಕಳ್ಸಿ, ಅದನ್ನ ನೋಡ್ಕೊಂಡು ಗೇರ್ ಅನುಪಾತ ಎಷ್ಟಿರ್ಬೇಕು ಅಂತ ಕೂತು ಲೆಕ್ಕ ಹಾಕೋಣ.